ದಂಡಯಾತ್ರೆಯೊಳಗಿನ ಕಾಳಗ: ಗಣಕ ಯುದ್ಧಕ್ರೀಡೆಗಳಲ್ಲಿ ರಣರಂಗದ ಆಳ

ಕಂದಾಯ ಎತ್ತುವುದು, ಕೋಟೆ ಕಟ್ಟುವುದು, ಸಂಧಿ ಮಾಡುವುದು, ಮುರಿಯುವುದು, ದಂಡು ಕಳಿಸುವುದು: ಇಷ್ಟನ್ನೂ ಆಟಗಾರ ಒಂದೇ ನಕಾಶೆಯ ಮುಂದೆ ಕುಳಿತು ನಡೆಸುವ ಗಣಕ ಆಟಗಳಿಗೆ ಗ್ರ್ಯಾಂಡ್ ಸ್ಟ್ರಾಟಜಿ ಆಟಗಳೆಂದು ಹೆಸರು. ನಕಾಶೆಯ ಮೇಲೆ ಎರಡು ದಂಡುಗಳು ಎದುರಾದ ಕ್ಷಣದಲ್ಲಿ ಏನಾಗಬೇಕು? ಗಣಕ ಲೆಕ್ಕ ಹಾಕಿ ಗೆದ್ದವರ ಹೆಸರು ಹೇಳಿದರೆ ಸಾಕೆ, ಅಥವಾ ಆಟಗಾರ ಬಯಲಿಗಿಳಿದು ಕುದುರೆ, ಕಾಲಾಳು, ಫಿರಂಗಿಗಳನ್ನು ತಾನೇ ನಡೆಸಬೇಕೆ? ಈ ಎರಡನೆಯ ಬಗೆಯಲ್ಲಿ ಆಟಗಾರನಿಗೆ ಸಿಗುವ ಆಯ್ಕೆಗಳ ವಿಸ್ತಾರ ಮತ್ತು ಆ ಆಯ್ಕೆಗಳಿಗಿರುವ ತೂಕವನ್ನು ರಣರಂಗದ ಆಳ ಎನ್ನಬಹುದು. ಈ ಲೇಖನದಲ್ಲಿ ರಾಜ್ಯದ ಮಟ್ಟದ ಆಟವನ್ನು ದಂಡಯಾತ್ರೆ ಎಂದೂ ಬಯಲಿನ ಆಟವನ್ನು ಕಾಳಗ ಎಂದೂ ಕರೆಯಲಾಗಿದೆ.

ಆಳ ಎಂದರೆ ಗುಂಡಿಗಳ ಸಂಖ್ಯೆ ಅಲ್ಲ. ಕಾಳಗ ಎಷ್ಟು ಆಳವಾಗಿದೆ ಎಂಬುದು ಅದಕ್ಕೆ ದಂಡಯಾತ್ರೆ ಏನನ್ನು ಕೊಡುತ್ತದೆ ಮತ್ತು ಅದರಿಂದ ಏನನ್ನು ಮರಳಿ ಪಡೆಯುತ್ತದೆ ಎಂಬುದರ ಮೇಲೆ ನಿಂತಿದೆ. ಇದನ್ನು ಪರೀಕ್ಷಿಸಲು ದಖ್ಖನಿನಷ್ಟು ಒಳ್ಳೆಯ ನೆಲ ಸಿಗುವುದು ಕಷ್ಟ. ಹೈದರಾಬಾದಿನ ಬೇಗಂಪೇಟೆಯಿಂದ ಶ್ರೀರಂಗಪಟ್ಟಣದವರೆಗಿನ ಹದಿನೆಂಟನೆಯ ಶತಮಾನದ ಯುದ್ಧಗಳಲ್ಲಿ ಗೆದ್ದ ದಂಡು ಹಿಂದಿರುಗಿದ್ದುಂಟು, ಹೆಚ್ಚು ಜನ ಸಾಯದೆ ರಾಜ್ಯಕ್ಕೆ ರಾಜ್ಯವೇ ತಲೆಬಾಗಿದ್ದುಂಟು, ಒಂದು ಗುಂಡೂ ಹಾರದೆ ಇಡೀ ಸೈನ್ಯ ಇಲ್ಲವಾದದ್ದೂ ಉಂಟು.

ಹಳೆಯ ಬೇರುಗಳು

ದಂಡಯಾತ್ರೆ ಬೇರೆ, ಕಾಳಗ ಬೇರೆ ಎಂಬ ತಿಳಿವಳಿಕೆ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವೆರಡಕ್ಕೂ ಬೇರೆಬೇರೆ ಅಧಿಕರಣಗಳಿವೆ. ಏಳನೆಯದು ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳದ್ದು. ಒಂಬತ್ತನೆಯದು ದಂಡೆತ್ತಿ ಹೊರಡುವ ಮುನ್ನ ತೂಗಬೇಕಾದ ಸಂಗತಿಗಳದ್ದು. ದಂಡ, ಭೋಗ, ಮಂಡಲ, ಅಸಂಹತ ವ್ಯೂಹಗಳ ಮಾತು ಬರುವುದು ಹತ್ತನೆಯದಾದ ಸಾಂಗ್ರಾಮಿಕದಲ್ಲಿ. ಕಾಳಗಕ್ಕಿಂತ ಮೊದಲೇ ಅಷ್ಟು ಪುಟಗಳು ಕಳೆದಿರುತ್ತವೆ ಎಂಬುದನ್ನು ಗಮನಿಸಬೇಕು.

ಚದುರಂಗ ಇದಕ್ಕೆ ವಿರುದ್ಧ ತುದಿ. ಅಲ್ಲಿ ಕಾಳಗವೊಂದೇ ಇದೆ, ದಂಡಯಾತ್ರೆ ಇಲ್ಲ. ಎರಡೂ ಪಕ್ಷಗಳಿಗೆ ಸಮಾನ ಬಲ, ಸಮಾನ ನೆಲ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದಲ್ಲಿ ಮುಳುಗಿ ಕುದುರೆಯ ನಡೆಯಿಂದ ಮನೆಗಳನ್ನೆಲ್ಲ ತುಂಬುವ ಬಂಧಗಳನ್ನು ರಚಿಸಿದರು. ಅವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗ ಹಾಸಿನ ಆಟಗಳಿಗೇ ಮೀಸಲು.

ಎರಡು ಅಳತೆಗಳನ್ನು ಒಂದು ಮೇಜಿನ ಮೇಲೆ ತರುವ ದಾರಿ ಪ್ರಷ್ಯಾದಲ್ಲಿ ತೆರೆಯಿತು. ತಂದೆ ರೈಸ್ವಿಟ್ಸ್ 1812ರಲ್ಲಿ ಅರಸನಿಗೆ ಒಪ್ಪಿಸಿದ ಆಟವನ್ನು ಮಗ 1824ರಲ್ಲಿ ನಿಜವಾದ ನಕಾಶೆಗೆ ಹೊಂದಿಸಿದ. ಅಳತೆ 1:8000, ಒಂದು ಸರದಿಗೆ ಎರಡು ನಿಮಿಷದ ಯುದ್ಧಕಾಲ, ನಷ್ಟಕ್ಕೆ ದಾಳ, ಎಲ್ಲದರ ಮೇಲೆ ಒಬ್ಬ ಮಧ್ಯಸ್ಥ. ಆಟಗಾರರಿಗೆ ತಮ್ಮ ಪಡೆ ಕಂಡಷ್ಟೇ ಕಾಣುತ್ತಿತ್ತು. ಲೆಕ್ಕದ ಪಟ್ಟಿಗಳು ಬೆಳೆದು ಆಟ ನಿಧಾನವಾದಾಗ ವೆರ್ಡಿ ಡು ವೆರ್ನುವಾ 1876ರಲ್ಲಿ ಪಟ್ಟಿಗಳನ್ನು ಬದಿಗಿಟ್ಟು, ಅನುಭವಿ ಮಧ್ಯಸ್ಥನ ತೀರ್ಪೇ ಸಾಕು ಎಂದ. ಕಾಳಗವನ್ನು ಬಿಡಿಬಿಡಿಯಾಗಿ ಆಡುವುದೋ ತೀರ್ಪು ಕೇಳುವುದೋ ಎಂಬ ಜಗಳ ಗಣಕ ಬರುವುದಕ್ಕೆ ಎಷ್ಟೋ ಮೊದಲೇ ಹುಟ್ಟಿತ್ತು. ಅಮೆರಿಕದಲ್ಲಿ ಚಾರ್ಲ್ಸ್ ರಾಬರ್ಟ್ಸ್ 1954ರಲ್ಲಿ ತಂದ ಟ್ಯಾಕ್ಟಿಕ್ಸ್ ಆಟದಿಂದ ಇದು ಮನೆಮಂದಿಯ ಹವ್ಯಾಸವಾಯಿತು.

ಗಣಕದಲ್ಲಿ ಕವಲೊಡೆದ ದಾರಿ

ಜಪಾನಿನ ಕೋಯ್ ಸಂಸ್ಥೆಯ ನೊಬುನಾಗಾಸ್ ಆಂಬಿಷನ್ 1983ರಲ್ಲಿ ಬಂತು. ಪ್ರಾಂತ್ಯಗಳ ನಕಾಶೆಯಲ್ಲಿ ಆಡಳಿತ, ದಂಡುಗಳು ಕೂಡಿದಾಗ ಬೇರೊಂದು ಹಾಸಿನ ಮೇಲೆ ಕಾಳಗ: ಇಂದಿಗೂ ಚಲಾವಣೆಯಲ್ಲಿರುವ ಎರಡಂತಸ್ತಿನ ಕಟ್ಟಡ ಅಲ್ಲಿಯೇ ಇದೆ. 1986ರ ಡಿಫೆಂಡರ್ ಆಫ್ ದಿ ಕ್ರೌನ್, 1994ರ ಲಾರ್ಡ್ಸ್ ಆಫ್ ದಿ ರೆಲ್ಮ್ ಮತ್ತು ಮಾಸ್ಟರ್ ಆಫ್ ಮ್ಯಾಜಿಕ್ ಅದನ್ನು ಬೇರೆಬೇರೆ ರೀತಿಯಲ್ಲಿ ಬೆಳೆಸಿದವು.

2000ನೇ ಇಸವಿಯಲ್ಲಿ ದಾರಿ ಸ್ಪಷ್ಟವಾಗಿ ಎರಡಾಯಿತು. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ತಂದ ಶೋಗನ್: ಟೋಟಲ್ ವಾರ್ ಆಟದಲ್ಲಿ ನಕಾಶೆ ಸರಳ. ಕಾಳಗ ಮಾತ್ರ ಕಣ್ಣೆದುರು, ಗಡಿಯಾರ ಓಡುತ್ತಿರುವಂತೆಯೇ ನಡೆಯುತ್ತದೆ. ಸಾವಿರಾರು ಸೈನಿಕರು ಗುಡ್ಡ ಹತ್ತುತ್ತಾರೆ, ಏದುಸಿರು ಬಿಡುತ್ತಾರೆ, ಪಕ್ಕದಿಂದ ಹೊಡೆತ ಬಿದ್ದರೆ ಎದೆಗುಂದಿ ಓಡುತ್ತಾರೆ. ಅದೇ ವರ್ಷ ಸ್ವೀಡನ್ನಿನ ಪ್ಯಾರಡಾಕ್ಸ್ ತಂದ ಯೂರೋಪಾ ಯೂನಿವರ್ಸಾಲಿಸ್ ನಕಾಶೆಯಿಂದ ಕೆಳಗಿಳಿಯುವುದೇ ಇಲ್ಲ. ಫ್ರಾನ್ಸಿನ ಫಿಲಿಪ್ ತಿಬೊ ರಚಿಸಿದ ಹಾಸಿನ ಆಟವೊಂದರಿಂದ ಹುಟ್ಟಿದ ಇದರಲ್ಲಿ ಎರಡು ಗೊಂಬೆಗಳು ಎದುರುಬದುರು ನಿಂತು ಕತ್ತಿ ಬೀಸುತ್ತವೆ, ಒಳಗೆ ದಾಳ ಉರುಳುತ್ತದೆ.

2013ರ ಯೂರೋಪಾ ಯೂನಿವರ್ಸಾಲಿಸ್ 4ರಲ್ಲಿ ಆ ದಾಳ ಹೇಗೆ ಉರುಳುತ್ತದೆ ಎಂದು ನೋಡಿದರೆ, ಕಾಳಗವಿಲ್ಲದ ಆಟ ಎಂಬ ಆರೋಪ ಪೂರ್ತಿ ನಿಜವಲ್ಲ ಎಂದು ಕಾಣುತ್ತದೆ. ಒಂದು ರೆಜಿಮೆಂಟು ಎಂದರೆ ಸಾವಿರ ಜನ. ಗುಂಡಿನ ಹಂತ, ಮೈಮೇಲೆ ಬೀಳುವ ಹಂತ ಒಂದಾದ ಮೇಲೊಂದು ಬರುತ್ತವೆ. ದಾಳ ಸೊನ್ನೆಯಿಂದ ಒಂಬತ್ತು. ಹೊಳೆ ದಾಟಿ ಹೊಡೆಯುವವನಿಗೆ ಒಂದು ಕಡಿತ, ಬೆಟ್ಟ ಹತ್ತುವವನಿಗೆ ಎರಡು. ಎದುರು ಸಾಲಿನ ಅಗಲ ಇಂತಿಷ್ಟೇ ಎಂದಿರುವುದರಿಂದ ಜನ ತುಂಬಿದ ಮಾತ್ರಕ್ಕೆ ಗೆಲುವಿಲ್ಲ. ಆಟಗಾರನ ರಣತಂತ್ರವೆಲ್ಲ ಎಲ್ಲಿ, ಯಾವಾಗ, ಯಾರ ಕೈಕೆಳಗೆ ಕಾದಬೇಕು ಎಂಬ ಆಯ್ಕೆಯಲ್ಲಿ ಅಡಗಿದೆ. ಗುಂಡು ಹಾರಲು ಶುರುವಾದ ಮೇಲೆ ಅವನು ನೋಡುತ್ತ ನಿಲ್ಲಬೇಕು, ಇಲ್ಲವೇ ಹಿಂತೆಗೆಯಬೇಕು.

ಇವೆರಡರ ನಡುವೆ ಹಲವು ಕಾಲುದಾರಿಗಳಿವೆ. ಕ್ರೌನ್ ಆಫ್ ಗ್ಲೋರಿ (2005) ಮತ್ತು ಫೋರ್ಜ್ ಆಫ್ ಫ್ರೀಡಮ್ (2006) ಆಟಗಾರನ ಇಷ್ಟದಂತೆ ತ್ವರಿತ ತೀರ್ಪನ್ನೋ ಆರು ಮೂಲೆ ಮನೆಗಳ ಹಾಸಿನ ಮೇಲಿನ ವಿವರವಾದ ಕಾಳಗವನ್ನೋ ಕೊಟ್ಟವು. 2019ರ ಫೀಲ್ಡ್ ಆಫ್ ಗ್ಲೋರಿ: ಎಂಪೈರ್ಸ್ ಇನ್ನೂ ಮುಂದೆ ಹೋಗಿ, ಕಾಳಗವನ್ನು ಫೀಲ್ಡ್ ಆಫ್ ಗ್ಲೋರಿ 2 ಎಂಬ ಬೇರೆಯದೇ ಆಟಕ್ಕೆ ಒಯ್ದು ಆಡಿ, ಫಲಿತಾಂಶವನ್ನು ಮರಳಿ ತರಲು ಬಿಡುತ್ತದೆ. ಸ್ವೀಡನ್ನಿನ ಡೊಮಿನಿಯನ್ಸ್ ಸರಣಿಯದು ಮತ್ತೊಂದು ಬಗೆ. ಕಾಳಗಕ್ಕೆ ಮೊದಲು ಪಡೆಗಳನ್ನು ನಿಲ್ಲಿಸಬಹುದು, ನಾಯಕರಿಗೆ ಮೊದಲ ಕೆಲವು ಹೆಜ್ಜೆಗಳ ಅಪ್ಪಣೆ ಬರೆದಿಡಬಹುದು. ಆಮೇಲೆ ನಡೆದದ್ದನ್ನು ನೋಡಬೇಕಷ್ಟೆ. ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಹಳೆಯ ಕಾಲದ ಸೇನಾಪತಿಯ ಸ್ಥಿತಿಗೆ ಹೆಚ್ಚು ಹತ್ತಿರ ಬಂದದ್ದು ಇದೇ. ಕಾರಣ ಮುಂದೆ ಬರುತ್ತದೆ.

ಬೇಗಂಪೇಟೆಯ ಕುದುರೆ

ಹುಸೇನ್ ಸಾಗರದ ವಾಯವ್ಯಕ್ಕಿರುವ ಬೇಗಂಪೇಟೆ ಇಂದು ಮೇಲ್ಸೇತುವೆ, ಕಚೇರಿಗಳು, ಹಳೆಯ ವಿಮಾನ ನಿಲ್ದಾಣಗಳ ಬಡಾವಣೆ. ನಿಜಾಮನ ಮಗಳೊಬ್ಬಳು ಪಾಯಗಾ ಮನೆತನಕ್ಕೆ ಸೊಸೆಯಾಗಿ ಬಂದಾಗ ಬಳುವಳಿಯಾಗಿ ಸಿಕ್ಕ ನೆಲವಾದ್ದರಿಂದ ಈ ಹೆಸರು ಎನ್ನುತ್ತಾರೆ. ಪಾಯಗಾ ಅರಮನೆ ಇಲ್ಲಿದೆ. 1906ರ ಸ್ಪ್ಯಾನಿಷ್ ಮಸೀದಿಯೂ ಆ ಮನೆತನದ್ದೇ.

ಪಾಯಗಾದವರು ಬರಿಯ ಶ್ರೀಮಂತರಲ್ಲ. ಅಬುಲ್ ಫತೇ ಖಾನ್ ತೇಗ್ ಜಂಗ್‌ನಿಂದ ಬೆಳೆದ ಈ ಮನೆತನಕ್ಕೆ ನಿಜಾಮನ ಖಾಸಾ ಪಡೆಯನ್ನು ಸಾಕುವ ಹೊಣೆ ಇತ್ತು. ಆ ಖರ್ಚಿಗೆಂದು ಜಹಗೀರುಗಳನ್ನು ಬಿಟ್ಟುಕೊಡಲಾಗಿತ್ತು. ಬೀದರ್, ಕಲಬುರಗಿ ಸೀಮೆಗಳಲ್ಲೂ ಪಾಯಗಾ ತಾಲ್ಲೂಕುಗಳಿದ್ದವು. ಅಲ್ಲಿನ ಕನ್ನಡ ರೈತ ಕಟ್ಟಿದ ಕಂದಾಯ ಹೈದರಾಬಾದಿನ ಲಾಯದಲ್ಲಿ ಹುರುಳಿಯಾಗುತ್ತಿತ್ತು. ಕುದುರೆ ಲಾಯಕ್ಕೆ ಮರಾಠಿ, ಕನ್ನಡಗಳಲ್ಲಿರುವ ಪಾಗಾ ಎಂಬ ಮಾತು ಪಾಯಗಾದ ಸೋದರ ಪದ. ಸರ್ಕಾರಿ ಕುದುರೆ ಏರಿದವನು ಬಾರ್ಗೀರ, ಸ್ವಂತ ಕುದುರೆ ತಂದವನು ಸಿಲೇದಾರ.

ಬಹುತೇಕ ಆಟಗಳು ಎಡವುವುದು ಇಲ್ಲಿ. ಟೋಟಲ್ ವಾರ್ ಬಗೆಯ ಆಟದಲ್ಲಿ ಕುದುರೆಪಡೆ ಬೇಕೆಂದರೆ ಹಣ ಕೊಡಬೇಕು, ಒಂದೆರಡು ಸರದಿ ಕಾಯಬೇಕು. ಬಂದ ಪಡೆ ಹೇಳಿದಲ್ಲಿಗೆ ನುಗ್ಗುತ್ತದೆ. ಸಿಲೇದಾರನ ಮನಸ್ಸು ಬೇರೆ. ಕುದುರೆ ಸತ್ತರೆ ಅವನ ಜೀವನೋಪಾಯವೇ ಸತ್ತಂತೆ. ಫಿರಂಗಿ ಸಾಲಿನ ಮೇಲೆ ನೇರ ನುಗ್ಗಲು ಅವನು ಹಿಂಜರಿದರೆ ಅದು ಹೇಡಿತನವಲ್ಲ, ಮನೆಯ ಲೆಕ್ಕ. ಅದೇ ಸಿಲೇದಾರ ಶತ್ರುವಿನ ದನಕರು ಹೊಡೆದುಕೊಂಡು ಬರಲು, ಮೇವಿಗೆ ಹೋದವರನ್ನು ಕತ್ತರಿಸಲು, ಟಪಾಲು ತಡೆಯಲು ಎತ್ತಿದ ಕೈ. ಹಾಗಾಗಿ ಕುದುರೆ ಯಾರದು ಎಂಬ ದಂಡಯಾತ್ರೆಯ ಪ್ರಶ್ನೆ ಬಯಲಿನಲ್ಲಿ ಕುದುರೆ ಎಷ್ಟು ದೂರ ಓಡುತ್ತದೆ ಎಂಬುದನ್ನು ತೀರ್ಮಾನಿಸುತ್ತಿತ್ತು. ಈ ಕೊಂಡಿಯನ್ನು ಆಟದಲ್ಲಿ ಬರೆಯಲು ಕಷ್ಟವೇನಿಲ್ಲ. ಸತ್ತ ಕುದುರೆಗೆ ಪರಿಹಾರ ಕೊಡುವ ದೊರೆಯ ಪಡೆಗೆ ಹೆಚ್ಚು ಧೈರ್ಯ ಎಂಬ ಒಂದು ನಿಯಮ ಸಾಕು. ಬಯಲಿನ ಚಿತ್ರಣಕ್ಕೆ ಸುರಿಯುವ ದುಡಿಮೆಯ ಮುಂದೆ ಇದು ಏನೂ ಅಲ್ಲ.

1791: ಗೆದ್ದು ಹಿಂದಿರುಗಿದ ದಂಡು

ಮೂರನೆಯ ಮೈಸೂರು ಯುದ್ಧವನ್ನು ಯಾವ ಆಟವೂ ಸರಿಯಾಗಿ ಹಿಡಿದಿಲ್ಲ ಎಂದರೆ ಅತಿಶಯವಲ್ಲ, ಹಿಡಿಯಬಹುದಾಗಿದ್ದರೂ. ಟಿಪ್ಪುವಿನ ವಿರುದ್ಧ ಈಸ್ಟ್ ಇಂಡಿಯಾ ಕಂಪನಿ, ನಿಜಾಮ, ಮರಾಠರು ಕೂಡಿದ್ದರು. ನಿಜಾಮನ ದಂಡು 1790ರ ಕೊನೆಯಲ್ಲಿ ಕೊಪ್ಪಳಕ್ಕೆ ಮುತ್ತಿಗೆ ಹಾಕಿ ಸುಮಾರು ಆರು ತಿಂಗಳು ಅಲ್ಲೇ ಕುಳಿತಿತು. ಮರಾಠರು ಧಾರವಾಡದ ಕೋಟೆಯ ಮುಂದೆ ಅಷ್ಟೇ ಕಾಲ ಕಳೆದರು. ಅತ್ತ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್ 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆಯನ್ನೂ 21ರ ರಾತ್ರಿ ಕೋಟೆಯನ್ನೂ ಹಿಡಿದ. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತ ಮಡಿದ. ಏಪ್ರಿಲ್‌ನಲ್ಲಿ ನಿಜಾಮನ ಸುಮಾರು ಹತ್ತು ಸಾವಿರ ಕುದುರೆ ಬಂದು ಸೇರಿತು. ಕುದುರೆ ಬಂದರೆ ಬಲ ಬಂತು ಎಂದು ಆಟದ ಪರದೆ ಹೇಳುತ್ತದೆ. ಪಾಳಯಕ್ಕೆ ಅದರ ಅರ್ಥ ಬೇರೆ: ಹತ್ತು ಸಾವಿರ ಬಾಯಿ ಹೆಚ್ಚಾಯಿತು, ಸುತ್ತಲ ಮೇವು ಬೇಗ ತೀರಿತು.

ಮೇ 15ರಂದು ಶ್ರೀರಂಗಪಟ್ಟಣದ ಬಳಿ ಅರಕೆರೆಯಲ್ಲಿ ಕಾಳಗವಾಯಿತು. ಕಾರ್ನ್‌ವಾಲಿಸ್ ಗೆದ್ದ, ಟಿಪ್ಪು ನಡುಗಡ್ಡೆಯ ಆಸರೆಗೆ ಸರಿದ. ಯಾವ ಆಟವಾದರೂ ಇಲ್ಲಿ ದೊಡ್ಡ ಗೆಲುವು ಎಂದು ಬರೆದು ಕಹಳೆ ಊದುತ್ತದೆ. ಆದರೆ ಪಾಳಯದಲ್ಲಿ ಅಕ್ಕಿ ಇರಲಿಲ್ಲ. ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಸಿಪಾಯಿಗಳೇ ಫಿರಂಗಿ ಎಳೆಯಬೇಕಾಯಿತು. ಪಡುವಣದಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಕಂಪನಿಯ ಇನ್ನೊಬ್ಬ ದಳಪತಿ ಅಬರ್‌ಕ್ರಾಂಬಿಗೆ ಮಲಬಾರಿಗೆ ಹಿಂದಿರುಗಲು ಅಪ್ಪಣೆ ಹೋಯಿತು. ಕಾರ್ನ್‌ವಾಲಿಸ್ ಮುತ್ತಿಗೆಗೆ ತಂದಿದ್ದ ಭಾರಿ ಫಿರಂಗಿಗಳನ್ನು ಕೈಯಾರೆ ಒಡೆಸಿ ಬೆಂಗಳೂರಿನತ್ತ ತಿರುಗಿದ. ಹಾಗೆ ತಿರುಗಿದ ದಿನವೇ ಮೇಲುಕೋಟೆಯ ಬಳಿ ಪರಶುರಾಮ ಭಾವೂ ಮತ್ತು ಹರಿಪಂತರ ಮರಾಠಾ ದಂಡು ಎದುರಾಯಿತು. ಅವರ ಬೆನ್ನಿಗೆ ದೊಡ್ಡ ಬಜಾರವೇ ಇತ್ತು, ಧಾನ್ಯ ತುಂಬಿದ ಚೀಲಗಳಿದ್ದವು. ಇನ್ನಷ್ಟು ಮೊದಲೇ ಬಂದಿದ್ದರೆ ಯುದ್ಧ ಆ ವರ್ಷವೇ ಮುಗಿಯುತ್ತಿತ್ತೋ ಏನೋ. ಟಿಪ್ಪುವಿನ ಹಗುರ ಕುದುರೆಗಳು ಟಪಾಲಿನವರನ್ನು ತಡೆದಿದ್ದರಿಂದ ಮರಾಠರು ಅಷ್ಟು ಹತ್ತಿರವಿದ್ದಾರೆ ಎಂಬ ಸುದ್ದಿಯೇ ಕಂಪನಿಯ ಪಾಳಯಕ್ಕೆ ಮುಟ್ಟಿರಲಿಲ್ಲ.

ಒಂದು ಕಾಳಗ, ಎರಡು ವಾರದ ಹಸಿವು, ತಡೆದ ಟಪಾಲು: ಮೂರೂ ಸೇರಿ ಆ ವರ್ಷದ ಫಲವನ್ನು ನಿರ್ಧರಿಸಿದವು. ಆಟದ ಗಡಿಯಾರಕ್ಕೆ ಇದು ಸಿಗದು. 2009ರ ಎಂಪೈರ್: ಟೋಟಲ್ ವಾರ್ ಆಟದಲ್ಲಿ ಒಂದು ಸರದಿ ಎಂದರೆ ಆರು ತಿಂಗಳು. ಕಾಳಗಕ್ಕಿಳಿದರೆ ಅರ್ಧ ಗಂಟೆ, ಒಂದು ಗಂಟೆ. ಬೆಂಗಳೂರಿನಿಂದ ಅರಕೆರೆಗೆ, ಅಲ್ಲಿಂದ ಮೇಲುಕೋಟೆಗೆ ನಡೆದ ದಿನಗಳು ಆ ಎರಡು ಅಳತೆಗಳ ನಡುವಿನ ಕಂದಕದಲ್ಲಿ ಬಿದ್ದುಹೋಗುತ್ತವೆ. ಈ ನಡುವಿನ ಅಳತೆ, ಅಂದರೆ ದಿನಗಳ ಲೆಕ್ಕದಲ್ಲಿ ನಡೆಯುವ ದಂಡಿನ ನಡಿಗೆ, ಎಲ್ಲಿಯವರೆಗೆ ಆಟದೊಳಗೆ ಬರುವುದಿಲ್ಲವೋ ಅಲ್ಲಿಯವರೆಗೆ ಕಾಳಗವನ್ನು ಎಷ್ಟು ಅಂದವಾಗಿ ಬಿಡಿಸಿದರೂ ಅದು ದಂಡಯಾತ್ರೆಗೆ ಹೊಲಿದುಕೊಳ್ಳುವುದಿಲ್ಲ. ಪ್ಯಾರಡಾಕ್ಸ್ ಆಟಗಳು ದಿನದ ಗಡಿಯಾರ ಇಟ್ಟುಕೊಂಡು ಈ ತೊಡಕನ್ನು ಅರ್ಧ ಬಿಡಿಸಿವೆ. ಎರಡನೆಯ ಮಹಾಯುದ್ಧದ ಹಾರ್ಟ್ಸ್ ಆಫ್ ಐರನ್ 4ರಲ್ಲಂತೂ ಕಾಳಗ ಗಂಟೆಗಂಟೆಗೂ ಲೆಕ್ಕವಾಗುತ್ತದೆ, ರಸದು ಮುಟ್ಟದ ಪಡೆ ಸೊರಗುತ್ತದೆ.

ರಸದಿನ ವಿಚಾರದಲ್ಲಿ ದಖ್ಖನಿಗೆ ತನ್ನದೇ ದಾರಿ ಇತ್ತು. ಇಂಗ್ಲಿಷ್ ದಾಖಲೆಗಳು ಬ್ರಿಂಜಾರಿ ಎನ್ನುವ ಬಂಜಾರರು, ಕರ್ನಾಟಕದವರು ಲಂಬಾಣಿಗಳೆನ್ನುವ ಜನ, ಸಾವಿರಾರು ಹೇರೆತ್ತುಗಳ ಮೇಲೆ ಧಾನ್ಯ ಹೊತ್ತು ದಂಡುಗಳಿಗೆ ಮಾರುತ್ತಿದ್ದರು. ಅವರು ಯಾವ ದೊರೆಯ ಪಡೆಯೂ ಅಲ್ಲ. ಎಲ್ಲಿ ಬೆಲೆ, ಎಲ್ಲಿ ರಕ್ಷಣೆ, ಅಲ್ಲಿ ಅವರ ತಾಂಡಾ. ಮೈಸೂರಿಗೆ ಇದರ ಮೇಲೆ ಅಮೃತ ಮಹಲ್ ಎಂಬ ಸರ್ಕಾರಿ ದನಗಳ ಇಲಾಖೆ ಇತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಇಟ್ಟ ಹೆಸರು ಅದು. ಆ ತಳಿಯ ಎತ್ತುಗಳ ವೇಗದಿಂದಲೇ ಮೈಸೂರಿನ ಫಿರಂಗಿಗಳು ಶತ್ರು ಎಣಿಸಿದ್ದಕ್ಕಿಂತ ಮೊದಲೇ ಬಯಲಿಗೆ ಬರುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಹಿಂಡುಗಳು ಕಂಪನಿಯ ಕೈಸೇರಿದವು. ಅವನ್ನು ಬಳಸಿ ಮೆಚ್ಚಿದವರಲ್ಲಿ ಮುಂದೆ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಒಬ್ಬ. ರಾಜ್ಯದ ಗೋಮಾಳ ಎಷ್ಟಿದೆ ಎಂಬುದು ಬಯಲಿಗೆ ಎಷ್ಟು ಫಿರಂಗಿ ಮುಟ್ಟುತ್ತದೆ ಎಂಬುದನ್ನು ಹೇಳುವ ಆಟ ಬಂದರೆ ನಾನು ಮೊದಲು ಆಡುವವರಲ್ಲಿ ಒಬ್ಬ.

ಕತ್ತಲಲ್ಲಿ ಅಪ್ಪಣೆ

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದಿದ್ದ. ಫಿರಂಗಿಗಳನ್ನು ಪಾಳಯದಲ್ಲೇ ಬಿಟ್ಟು, ಬೆಳುದಿಂಗಳಲ್ಲಿ ಮೂರು ಸಾಲುಗಳಾಗಿ ಕಾಲಾಳನ್ನು ಕಳಿಸಿದ. ಬಲಕ್ಕೆ ಮೆಡೋಸ್, ಎಡಕ್ಕೆ ಮ್ಯಾಕ್ಸ್‌ವೆಲ್, ನಡುವೆ ತಾನು. ಮಿತ್ರರಿಗೆ ಮುಂಚೆ ಹೇಳಿರಲಿಲ್ಲ. ಮೆಡೋಸನ ಸಾಲು ಈದ್ಗಾ ಬುರುಜಿನತ್ತ ಹೋಗಿ ಅಲ್ಲಿ ಸಿಕ್ಕಿಕೊಂಡಿತು, ಆಮೇಲೆ ದಾರಿ ತಪ್ಪಿತು. ನಡುವಿನ ಸಾಲು ನಡುಗಡ್ಡೆಗೆ ನುಗ್ಗಿತು. ಹಿಂದೆ ಉಳಿದ ಕಾರ್ನ್‌ವಾಲಿಸ್ ಸಣ್ಣ ಗುಂಪಿನೊಡನೆ ಬೆಳಗಿನವರೆಗೂ ಮೆಡೋಸನ ದಾರಿ ಕಾಯಬೇಕಾಯಿತು. ಅಪ್ಪಣೆ ಕೊಟ್ಟ ಮೇಲೆ ಸೇನಾಪತಿಯ ಕೈಯಲ್ಲಿ ಉಳಿದದ್ದು ಕಾಯುವುದೊಂದೇ. ಟೋಟಲ್ ವಾರ್ ಆಟಗಾರ ಆಕಾಶದಿಂದ ನೋಡುತ್ತ ದಾರಿ ತಪ್ಪಿದ ಸಾಲನ್ನು ಒಂದು ಒತ್ತಿಗೆ ಸರಿದಾರಿಗೆ ತರಬಲ್ಲ. ಬೇಕೆನಿಸಿದರೆ ಗಡಿಯಾರ ನಿಲ್ಲಿಸಿ ಯೋಚಿಸಬಲ್ಲ. ಹೀಗಾಗಿ ಅಲ್ಲಿ ಆಳ ಹೆಚ್ಚಿದಷ್ಟೂ ಕಾಳಗ ನಿಜದಿಂದ ದೂರವಾಗುತ್ತದೆ ಎಂಬ ವಿಚಿತ್ರ ಹುಟ್ಟುತ್ತದೆ. ಮೊದಲೇ ಅಪ್ಪಣೆ ಬರೆದು ಕೈಕಟ್ಟಿ ನಿಲ್ಲಿಸುವ ಡೊಮಿನಿಯನ್ಸ್ ರೀತಿ ಈ ರಾತ್ರಿಗೆ ಹತ್ತಿರ ಎಂದದ್ದು ಇದಕ್ಕೇ. ಮುಂದಿನ ಮೈಸೂರು ಯುದ್ಧದಲ್ಲಿ, 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ದಾರಿ ತಿಳಿಯದೆ ಹಿಂಜರಿದ ವೆಲ್ಲೆಸ್ಲಿ ಮರುದಿನ ಬೆಳಕಿನಲ್ಲಿ ಅದೇ ತೋಪನ್ನು ಹಿಡಿದ. ನೆಲ ಅದೇ, ಬೆಳಕು ಬೇರೆ.

ಎದೆಗಾರಿಕೆಯ ಲೆಕ್ಕಕ್ಕೆ ಖರ್ಡಾದ ಕಾಳಗ ಒಳ್ಳೆಯ ಉದಾಹರಣೆ. ನಿಜಾಮ್ ಅಲಿ ಖಾನ್ ಬೀದರಿನಿಂದ ದಂಡು ಹೊರಡಿಸಿಕೊಂಡು ಬಂದು 1795ರ ಮಾರ್ಚ್ 11ರಂದು ಮರಾಠರನ್ನು ಎದುರಿಸಿದ. ಹಗಲಿನಲ್ಲಿ ಫ್ರೆಂಚ್ ದಳಪತಿ ರೇಮಂಡನ ಕಾಲಾಳು ಗಟ್ಟಿಯಾಗಿಯೇ ನಿಂತಿತ್ತು. ಜನಾನಾ ಜೊತೆಗಿದ್ದ ನಿಜಾಮ ಹಿಂದೆ ಸರಿಯಲು ತೀರ್ಮಾನಿಸಿದ. ರಾತ್ರಿ ನೀರು ಹುಡುಕಿ ಬಂದ ಸಣ್ಣ ಮರಾಠಾ ತುಕಡಿಯ ಕೆಲವು ಗುಂಡುಗಳಿಗೆ ದಂಡೇ ಗಾಬರಿಯಾಗಿ ಚೆದುರಿತು. ಸತ್ತವರು ಕೆಲವೇ ನೂರು. ಒಪ್ಪಂದದಲ್ಲಿ ನಿಜಾಮ ದೌಲತಾಬಾದನ್ನೂ ಮೂರು ಕೋಟಿ ರೂಪಾಯಿಯನ್ನೂ ಒಪ್ಪಿದ. ಸೈನಿಕರ ಸಂಖ್ಯೆಗೂ ಧೈರ್ಯಕ್ಕೂ ಬೇರೆಬೇರೆ ಅಳತೆಗೋಲು ಇಟ್ಟಿರುವ ಆಟಗಳು, ಯೂರೋಪಾ ಯೂನಿವರ್ಸಾಲಿಸ್ ಕೂಡ, ಇಂಥದ್ದನ್ನು ಚೆನ್ನಾಗಿಯೇ ಹಿಡಿಯುತ್ತವೆ.

ಕೈಯಾರೆ ಆಡಿದ ಕಾಳಗದ ತೊಡಕು

ಕಾಳಗವನ್ನು ಆಟಗಾರನ ಕೈಗೆ ಕೊಟ್ಟ ಕೂಡಲೇ ದಂಡಯಾತ್ರೆಯ ತಕ್ಕಡಿ ವಾಲುತ್ತದೆ. ಗಣಕದ ಎದುರಾಳಿ ಗುಡ್ಡದ ಕೆಳಗೆ ನಿಲ್ಲುತ್ತಾನೆ, ಬರಿದಾದ ಪಕ್ಕವನ್ನು ಕಾಯುವುದಿಲ್ಲ. ಪಳಗಿದ ಆಟಗಾರ ಮೂರರಲ್ಲೊಂದು ಪಾಲು ಬಲದಿಂದ ಗೆಲ್ಲುತ್ತಾನೆ. ಹಾಗೆ ಗೆದ್ದಾಗ ಅವನು ಬೊಕ್ಕಸ, ಸಂಧಿ, ರಸದು ಯಾವುದನ್ನೂ ಲೆಕ್ಕಿಸಬೇಕಾಗಿಲ್ಲ. ಕೆಟ್ಟ ಆಡಳಿತವನ್ನು ಒಳ್ಳೆಯ ಕಾಳಗ ಮುಚ್ಚಿಬಿಡುತ್ತದೆ. ಇನ್ನೊಂದು ಕಡೆ, ಗಣಕವೇ ತೀರ್ಪು ಹೇಳುವ ಆಟೊ ರಿಸಾಲ್ವ್ ಒತ್ತಿದರೆ ಅದೇ ಪಡೆ ಸೋಲುತ್ತದೆ. ಒಂದೇ ಕಾಳಗಕ್ಕೆ ಎರಡು ಸತ್ಯಗಳಿರುವ ಆಟವನ್ನು ನಂಬುವುದು ಹೇಗೆ? ಹಲವರು ಕೂಡಿ ಆಡುವಾಗ ಇಬ್ಬರು ಕಾದುತ್ತಿದ್ದರೆ ಉಳಿದವರು ಸುಮ್ಮನೆ ಕೂರಬೇಕು. ನೂರನೆಯ ಸರದಿಯ ಹೊತ್ತಿಗೆ ಸಣ್ಣಪುಟ್ಟ ಕಾಳಗಗಳು ಬೇಸರದ ಕೆಲಸವಾಗುತ್ತವೆ. ಒಂದು ದಂಡಿಗೆ ಇಪ್ಪತ್ತೇ ತುಕಡಿ ಎಂಬ ಟೋಟಲ್ ವಾರ್ ಸರಣಿಯ ಹೆಚ್ಚಿನ ಆಟಗಳ ಮಿತಿ ಗಣಕದ ಶಕ್ತಿಗೂ ಆಟಗಾರನ ಕಣ್ಣಿಗೂ ಅನುಕೂಲ. ಆದರೆ ಅದರಿಂದ ರಾಜ್ಯಗಳ ಬಲಾಬಲವೆಲ್ಲ ಆ ಇಪ್ಪತ್ತರ ಗೂಡಿನೊಳಗೆ ಸಮನಾಗಿಬಿಡುತ್ತದೆ.

ನಮ್ಮ ನೆಲ ಈ ಆಟಗಳಲ್ಲಿ ಇಲ್ಲದೆ ಇಲ್ಲ. ಎಂಪೈರ್ ಆಟದಲ್ಲಿ ಮರಾಠರನ್ನು ಆಡಬಹುದು, ಮೈಸೂರು ಗಣಕ ನಡೆಸುವ ಸಣ್ಣ ರಾಜ್ಯವಾಗಿ ಬರುತ್ತದೆ. ಅದರ ಕಾಲಾವಧಿ 1700ರಿಂದ 1799. ಶ್ರೀರಂಗಪಟ್ಟಣ ಬಿದ್ದ ವರ್ಷಕ್ಕೇ ಪರದೆ ಇಳಿಯುತ್ತದೆ. ಯೂರೋಪಾ ಯೂನಿವರ್ಸಾಲಿಸ್ 4 ಶುರುವಾಗುವ 1444ರಲ್ಲಿ ವಿಜಯನಗರವನ್ನೂ ಬಹಮನಿಯನ್ನೂ ಆಡಬಹುದು.

ವೃತ್ತಿಪರ ಯುದ್ಧಕ್ರೀಡೆಯೂ ಬೇಗಂಪೇಟೆಗೆ ದೂರವಿಲ್ಲ. ಸಿಕಂದರಾಬಾದಿನ ರಕ್ಷಣಾ ನಿರ್ವಹಣಾ ಕಾಲೇಜು 1970ರಲ್ಲಿ ಸಂಸ್ಥೆಯಾಗಿ ಆರಂಭವಾಗಿ 1980ರಲ್ಲಿ ಈಗಿನ ಹೆಸರು ಪಡೆಯಿತು. ಮೂರೂ ಪಡೆಗಳ ಅಧಿಕಾರಿಗಳಿಗೆ ನಿರ್ವಹಣೆ, ಸಂಪನ್ಮೂಲ, ನಿರ್ಧಾರಗಳ ಶಿಕ್ಷಣ ಕೊಡುವ ಇದು ದಂಡಯಾತ್ರೆಯ ಅಂತಸ್ತಿನ ಶಾಲೆ. ಬೇಗಂಪೇಟೆಯ ಪಡುವಣದ ಸನತ್‌ನಗರದಲ್ಲಿ 1993ರಲ್ಲಿ ಹುಟ್ಟಿದ ಜೆನ್ ಟೆಕ್ನಾಲಜೀಸ್ ಗುರಿ ಹೊಡೆಯುವುದು, ವಾಹನ ನಡೆಸುವುದು ಮುಂತಾದವಕ್ಕೆ ಸಿಮ್ಯುಲೇಟರ್ ತಯಾರಿಸುತ್ತದೆ. ಅದು ಕಾಳಗದ ಅಂತಸ್ತು. ದೆಹಲಿಯಲ್ಲಿ ಡಿಆರ್‌ಡಿಒದ ವ್ಯವಸ್ಥಾ ಅಧ್ಯಯನ ಸಂಸ್ಥೆ ಸೇನೆಗೆ ಯುದ್ಧಕ್ರೀಡೆಯ ತಂತ್ರಾಂಶ ಬರೆಯುತ್ತದೆ. ವೃತ್ತಿಯವರು ಎರಡು ಅಂತಸ್ತುಗಳನ್ನು ಬೇರೆಬೇರೆ ಕಟ್ಟಡಗಳಲ್ಲಿಟ್ಟಿದ್ದಾರೆ, ಮಾರುಕಟ್ಟೆಯ ಆಟ ಎರಡನ್ನೂ ಒಂದೇ ಡಬ್ಬಿಗೆ ತುಂಬಬೇಕು.

ಕಾಳಗವೇ ಇಲ್ಲದ ಗೆಲುವು

1798ರ ಸೆಪ್ಟೆಂಬರ್ 1ರಂದು ನಿಜಾಮ ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡ. ಅದರಂತೆ ರೇಮಂಡ್ ಕಟ್ಟಿದ್ದ ಹತ್ತು ಸಾವಿರಕ್ಕೂ ಹೆಚ್ಚು ಸಿಪಾಯಿಗಳ ಪಡೆ ಮುರಿಯಬೇಕಿತ್ತು. ರೇಮಂಡ್ ಮಾರ್ಚ್‌ನಲ್ಲೇ ತೀರಿಕೊಂಡಿದ್ದ. ಪಡೆಗೆ ಸಂಬಳ ಬಾಕಿ ಇತ್ತು. ಅಕ್ಟೋಬರ್‌ನಲ್ಲಿ ಸಿಪಾಯಿಗಳು ತಮ್ಮ ಫ್ರೆಂಚ್ ಅಧಿಕಾರಿಗಳ ಮೇಲೆಯೇ ತಿರುಗಿಬಿದ್ದರು. ಕಂಪನಿಯ ಪಡೆ ಸುತ್ತ ನಿಂತಿತು, ಬಾಕಿ ಸಂಬಳದ ಭರವಸೆ ಸಿಕ್ಕಿತು, 22ರಂದು ಆ ಪಡೆ ಆಯುಧ ಕೆಳಗಿಟ್ಟಿತು. ದಖ್ಖನಿನ ಅತ್ಯುತ್ತಮ ಕಾಲಾಳು ಹೀಗೆ ಕರಗಿಹೋಯಿತು. ಕಂಪನಿಯ ಪಾಳಯ ಹುಸೇನ್ ಸಾಗರದ ಉತ್ತರಕ್ಕೆ ನೆಲೆಯೂರಿ 1806ರಲ್ಲಿ ಸಿಕಂದರಾಬಾದ್ ಎಂಬ ಹೆಸರು ಪಡೆಯಿತು. ಅದರ ಮಗ್ಗುಲಲ್ಲೇ ಪಾಯಗಾದವರ ಬೇಗಂಪೇಟೆ.

ನೂರೈವತ್ತು ವರ್ಷದ ಮೇಲೆ ಇದೇ ನೆಲದಲ್ಲಿ ಇನ್ನೊಂದು ಯುದ್ಧ ಮುಗಿಯಿತು. 1948ರ ಸೆಪ್ಟೆಂಬರ್ 13ರಂದು ಜೆ. ಎನ್. ಚೌಧುರಿಯವರ ಭಾರತೀಯ ಪಡೆ ಸೊಲ್ಲಾಪುರದ ಕಡೆಯಿಂದ ನಲ್ದುರ್ಗದ ಮೂಲಕ ನಿಜಾಮನ ಹೈದರಾಬಾದ್ ಸಂಸ್ಥಾನದೊಳಗೆ ಬಂತು. ಬೀದರ್, ವಾರಂಗಲ್ ವಿಮಾನ ನೆಲೆಗಳ ಮೇಲೆ ಬಾಂಬು ಬಿತ್ತು. 18ರಂದು ಹೈದರಾಬಾದಿನ ಸೇನಾಪತಿ ಎಲ್ ಎದ್ರೂಸ್ ಶರಣಾದರು. ಮುಂದೆ ಸರ್ದಾರ್ ಪಟೇಲರನ್ನು ನಿಜಾಮ ಕೈಮುಗಿದು ಬರಮಾಡಿಕೊಂಡದ್ದು ಬೇಗಂಪೇಟೆಯ ವಿಮಾನ ನಿಲ್ದಾಣದಲ್ಲಿ. ಐದು ದಿನದ ಈ ಕಾರ್ಯಾಚರಣೆಯ ಫಲಿತಾಂಶ ಯಥಾಸ್ಥಿತಿ ಒಪ್ಪಂದ, ದಿಗ್ಬಂಧನ, ಕರಾಚಿಯಿಂದ ರಾತ್ರಿ ವಿಮಾನಗಳಲ್ಲಿ ಬಂದ ಶಸ್ತ್ರ, ಭದ್ರತಾ ಮಂಡಳಿಗೆ ಹೋದ ದೂರು, ಇವುಗಳ ನಡುವೆ ಮೊದಲೇ ತೀರ್ಮಾನವಾಗಿತ್ತು. ಕಾಳಗವನ್ನು ಎಷ್ಟು ಆಳವಾಗಿ ಕಟ್ಟಿದರೂ ಇಲ್ಲಿ ಆಡಲು ಹೆಚ್ಚೇನೂ ಉಳಿಯುವುದಿಲ್ಲ.

ಆದರೆ ಸಾವಿನ ದೊಡ್ಡ ಲೆಕ್ಕ ಬಂದದ್ದು ಶರಣಾಗತಿಯ ಸುತ್ತಮುತ್ತಲ ದಿನಗಳಲ್ಲಿ, ಹಳ್ಳಿಗಳಿಂದ. ಮೊದಲು ನಿಜಾಮನ ಪರ ನಿಂತಿದ್ದ ರಜಾಕಾರರ ಹಾವಳಿ, ಆಮೇಲೆ ಮುಸಲ್ಮಾನರ ಮೇಲೆ ಸೇಡು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತರೆಂದು ಅಂದಾಜು ಮಾಡಿತು. ಹೆಚ್ಚು ನಲುಗಿದವೆಂದು ಅದು ಹೆಸರಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಕಾಳಗ ಮುಗಿದ ಮೇಲೆ ಆಟ ತೋರಿಸುವ ಪಟ್ಟಿಯಲ್ಲಿ ಎರಡು ಅಂಕಣಗಳಿರುತ್ತವೆ, ನಮ್ಮ ಸೈನಿಕರು, ಅವರ ಸೈನಿಕರು. ಮೂರನೆಯ ಅಂಕಣವಿರುವ ಪಟ್ಟಿಯನ್ನು ಈ ಲೇಖನದಲ್ಲಿ ಹೆಸರಿಸಿದ ಆಟಗಳಲ್ಲಿ ನಾನು ಕಂಡಿಲ್ಲ.